ಚೌಗುಲೆ ಮಾಸ್ತರರು ಮತ್ತು ಎರಡನೆಯ ಬಾಟಲಿ

ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ನಮ್ಮ ಈ ಸೀಮೆಯಲ್ಲಿ ಜ್ವರ ಬಂದರೆ ಮೊದಲು ದೇವರಿಗೆ ಹರಕೆ, ಆಮೇಲೆ ಊರ ಡಾಕ್ಟರರ ಗುಳಿಗೆ, ಅದಕ್ಕೂ ಬಗ್ಗದಿದ್ದರೆ ಮಿರಜದ ಬಸ್ಸು ಎಂಬ ಕಾಲವೊಂದಿತ್ತು. ಅಂಥ ಕಾಲದಲ್ಲಿ, ಜ್ವರದ ಬೀಜ ರೋಗಿಯ ರಕ್ತದಲ್ಲಿದ್ದರೆ ಅದನ್ನು ಇಲ್ಲಿಯೇ ಬೆಳೆಸಿ, ಇಲ್ಲಿಯ ಡಾಕ್ಟರರ ಕಣ್ಣಿಗೇ ತೋರಿಸಬೇಕೆಂದು ಹಟ ಹಿಡಿದು ಕುಳಿತವರು ಶ್ರೀ ಧರಣೇಂದ್ರ ಪಾರಿಸ ಚೌಗುಲೆಯವರು. ಚಿಕ್ಕೋಡಿಯ ನಮ್ಮ ಧರ್ಮಾರ್ಥ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಮೂವತ್ತಮೂರು ವರ್ಷ ಸೇವೆ ಸಲ್ಲಿಸಿ, ಇದೇ ೧೯೯೯ರ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾಗಿದ್ದಾರೆ. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳದ ಅವರನ್ನು ನಾವೆಲ್ಲ ಮಾಸ್ತರರೆಂದೇ ಕರೆಯುತ್ತೇವೆ.

ಈ ಅಭಿನಂದನ ಗ್ರಂಥದ ಸಂಪಾದಕರು ನನಗೆ ಕಾಗದ ಬರೆದು, ಎರಡು ಪುಟ ಸಾಕು, ಸಿಹಿ ನೆನಪುಗಳಿರಲಿ ಎಂದಿದ್ದರು. ಸಿಹಿ ನೆನಪುಗಳಿಗೆ ನನ್ನಲ್ಲಿ ಬರವಿಲ್ಲ. ಆದರೆ ಹತ್ತು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡ ಮಾತೊಂದಿದೆ. ಅದನ್ನು ಅಲ್ಲಿಯೇ ಇಟ್ಟುಕೊಂಡು ಸಿಹಿಯನ್ನಷ್ಟೇ ಬರೆದರೆ ಅದು ಮುಖಸ್ತುತಿಯಾದೀತೇ ಹೊರತು ಅಭಿನಂದನೆಯಾಗದು. ಪುಟ ಹೆಚ್ಚಾದರೆ ಸಂಪಾದಕರು ಕ್ಷಮಿಸಬೇಕು; ಕ್ಷಮಿಸದಿದ್ದರೂ ಅಡ್ಡಿಯಿಲ್ಲ, ಕತ್ತರಿ ಮಾತ್ರ ಹಾಕಬಾರದು.

ಮಾಸ್ತರರು ಶೇಡಬಾಳದ ಜೈನ ಒಕ್ಕಲುತನದ ಮನೆತನದವರು. ಮಿರಜದಲ್ಲಿ ತರಬೇತಿ ಮುಗಿಸಿ ೧೯೬೬ರಲ್ಲಿ ಇಲ್ಲಿಗೆ ಬಂದರು. ಆಗ ಬ್ಲಡ್ ಕಲ್ಚರ್, ಅಂದರೆ ರಕ್ತದ ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆ, ಬೇಕಾದರೆ ರಕ್ತವನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ಮಿರಜಕ್ಕೆ ಕಳಿಸಬೇಕಿತ್ತು, ಉತ್ತರ ಬರಲು ಹತ್ತು ಹನ್ನೆರಡು ದಿನ ಹಿಡಿಯುತ್ತಿತ್ತು. "ರಿಪೋರ್ಟ್ ಬರೂದರಾಗ ಪೇಶಂಟ ಮನೀಗಾದರೂ ಹೋಗಿರತಿದ್ದ, ಇಲ್ಲಾ ಮಣ್ಣಿಗಾದರೂ ಹೋಗಿರತಿದ್ದ" ಎಂದು ಮಾಸ್ತರರು ಹೇಳುತ್ತಿದ್ದರು. ೧೯೮೧ರಲ್ಲಿ ಅವರು ಒಂದು ಮರದ ಕಪಾಟಿನೊಳಗೆ ಎರಡು ಬಲ್ಬು, ಒಂದು ಥರ್ಮಾಮೀಟರು ಜೋಡಿಸಿ, ಬಾಟಲಿಗಳನ್ನು ಮನುಷ್ಯನ ಮೈಯಷ್ಟೇ ಬೆಚ್ಚಗೆ ಇಡುವ ಪೆಟ್ಟಿಗೆ ಮಾಡಿಕೊಂಡರು. ಕರೆಂಟು ಹೋದಾಗ ಆ ಪೆಟ್ಟಿಗೆಗೆ ಕುರುಬರ ಕಂಬಳಿ ಹೊದಿಸಿ, ಒಳಗೆ ಬಿಸಿನೀರಿನ ಚೀಲ ಇಡುತ್ತಿದ್ದರು.

ಪೆಟ್ಟಿಗೆಯೇನೋ ಆಯಿತು, ಸಾರು ಎಲ್ಲಿಂದ ತರುವುದು? ಓದುವವರಿಗೆ ತಿಳಿಯಲೆಂದು ಹೇಳುತ್ತೇನೆ. ರಕ್ತದಲ್ಲಿಯ ಕ್ರಿಮಿ ಬೆಳೆಯಬೇಕಾದರೆ ಅದಕ್ಕೂ ಊಟ ಬೇಕು, ಆ ಊಟವೆಂದರೆ ಮಾಂಸದ ಸಾರು. ಆಡಿನ ಗುಂಡಿಗೆಯನ್ನು ಕೊಚ್ಚಿ, ಕುದಿಸಿ, ಸೋಸಿ, ಬಾಟಲಿಗೆ ತುಂಬಿ, ಮತ್ತೆ ಉಗಿಯಲ್ಲಿ ಬೇಯಿಸಿ ಶುದ್ಧ ಮಾಡಬೇಕು. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ, ಉಳ್ಳಾಗಡ್ಡಿಯ ವಾಸನೆಯನ್ನೂ ಒಲ್ಲದ ಮನುಷ್ಯ ಈ ಕೆಲಸವನ್ನು ತಾವೇ ಮಾಡಿದರು. ಕಟುಕರ ಅಂಗಡಿಯಿಂದ ಗುಂಡಿಗೆ ತರುವುದು ಜವಾನ ಗಂಗಾರಾಮನ ಪಾಲಿನದು. ಕೊಚ್ಚುವುದರಿಂದ ಹಿಡಿದು ಬಾಟಲಿಗೆ ಮುಚ್ಚಳ ಬಿಗಿಯುವವರೆಗೆ ಎಲ್ಲ ಮಾಸ್ತರರದು. ಗಂಗಾರಾಮ "ನಾ ಮಾಡತೀನಿ ಬಿಡ್ರಿ ಮಾಸ್ತರ್ರ" ಎಂದರೆ, "ಪಾಪ ನಿನಗ ಹಚ್ಚಿ ಪುಣ್ಯ ನಾ ತಗೋಬೇಕೇನು?" ಎನ್ನುತ್ತಿದ್ದರು. ಸಾರು ಕುದಿಸಿದ ದಿನ ಹಿತ್ತಲಲ್ಲಿ ತಣ್ಣೀರು ಸ್ನಾನ, ಬಸದಿಗೆ ಹೋಗಿ ಬಂದು ಒಂದೇ ಹೊತ್ತು ಊಟ. ಅವರ ಪತ್ನಿ ಕಮಲಾಬಾಯಿಯವರು ಆ ದಿನದ ಅಂಗಿಯನ್ನು ಕೋಲಿನಿಂದ ಎತ್ತಿ ಬಕೀಟಿಗೆ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡು ನಕ್ಕಿದ್ದೇನೆ. ಅವರೂ ನಗುತ್ತಿದ್ದರು.

ನಾನು ಜುಗೂಳದ ರೈತರ ಮನೆಯ ಮಗಳು. ೧೯೮೭ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಈ ಪ್ರಯೋಗಶಾಲೆಗೆ ಕಲಿಯಲು ಬಂದೆ. ಮೊದಲ ದಿನವೇ ಸಾರಿನ ವಾಸನೆಗೆ ತಲೆ ತಿರುಗಿ ಬಿದ್ದೆ. ನಮ್ಮ ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಕುರಿ ಕಡಿಯುತ್ತಾರೆ. ಅಂಥ ನಾನು ಬಿದ್ದೆ, ಜೈನರಾದ ಅವರು ನನಗೆ ನೀರು ಚಿಮುಕಿಸಿದರು! ಆ ವರ್ಷ ಮಳೆಗಾಲದಲ್ಲಿ ಹೊಳೆ ಏರಿ ಊರ ದಾರಿ ಕಟ್ಟಿದಾಗ ಹದಿನೆಂಟು ದಿನ ನಾನು ಮಾಸ್ತರರ ಮನೆಯಲ್ಲಿಯೇ ಉಳಿದೆ. ಕಮಲಾಬಾಯಿಯವರು ನನಗಾಗಿ ಸಂಜೆ ಐದೂವರೆಗೆ ರೊಟ್ಟಿ ಬಡಿದರು, ರಾತ್ರಿ ನಾನು ಹಸಿದೇನೆಂದು ಸಂಕಟಪಟ್ಟು ಚುರುಮುರಿ ಕಟ್ಟಿ ತಲೆಯ ಬಳಿ ಇಟ್ಟರು. ನಿಪ್ಪಾಣಿಯಿಂದ ಬರುವ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಸೂಜಿಯೆಂದರೆ ನಡುಕ. ಅವರಿಗೆ "ಘಾಬರೂ ನಕಾ ತಾಯೀ" ಎಂದು ಮರಾಠಿಯಲ್ಲಿ ಸಮಾಧಾನ ಹೇಳುವುದನ್ನು ಮಾಸ್ತರರೇ ನನಗೆ ಕಲಿಸಿದರು.

ರಕ್ತ ತೆಗೆಯುವ ವಿಷಯದಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು. ಮೊದಲು ರಕ್ತ, ಆಮೇಲೆ ಔಷಧ. ಮೊಣಕೈಯ ಒಳಬದಿಗೆ ಸ್ಪಿರಿಟ್ ಒರೆಸಿ, ಅಯೋಡಿನ್ ಹಚ್ಚಿ, ಅದು ಒಣಗುವವರೆಗೆ ಕಾಯಬೇಕು. ನಮಗೆ ಕಾಯುವ ತಾಳ್ಮೆ ಇಲ್ಲವೆಂದು ಅವರಿಗೆ ಗೊತ್ತು. "ಪೇಶಂಟಗ ಅವನ ಊರು ಕೇಳು, ಹೊಲ ಕೇಳು, ಮಕ್ಕಳ ಹೆಸರು ಕೇಳು. ಎಲ್ಲಾ ಮಕ್ಕಳ ಹೆಸರು ಹೇಳೂದರಾಗ ಒಣಗಿರತೈತಿ" ಎನ್ನುತ್ತಿದ್ದರು. ಒಣಗಿದ ಮೇಲೆ ನರ ಸಿಗಲಿಲ್ಲವೆಂದು ಮತ್ತೆ ಬೆರಳಿನಿಂದ ಮುಟ್ಟಿ ನೋಡಬಾರದು. ಮುಟ್ಟಿದರೆ ನಮ್ಮ ಬೆರಳಿನ ಕ್ರಿಮಿಯೇ ಸೂಜಿಗೆ ಹತ್ತಿ ಬಾಟಲಿಗೆ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಎರಡು ಬಾಟಲಿ: ಒಂದು ಬಲಗೈಯಿಂದ, ಒಂದು ತಾಸು ಬಿಟ್ಟು ಇನ್ನೊಂದು ಎಡಗೈಯಿಂದ. ಯಾಕೆಂದು ನಾನು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಊರ ಪಂಚರು ಒಬ್ಬನ ಸಾಕ್ಷಿ ಕೇಳಿ ತೀರ್ಪು ಕೊಡತಾರೇನು? ಒಂದು ಬಾಟಲಿ ಸುಳ್ಳು ಹೇಳಬಹುದು. ಎರಡೂ ಬಾಟಲಿ ಒಂದ ಮಾತ ಹೇಳಿದರ ಅದು ಖರೆ." ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನು ೧೯೮೯ರ ಆಗಸ್ಟ್ ತಿಂಗಳಿಗೆ ಬರುತ್ತೇನೆ.

ನಮ್ಮ ಜುಗೂಳದ ಹೊಳೆವ್ವ ಎಂಬ ಹೆಂಗಸು ತನ್ನ ಒಬ್ಬಳೇ ಮಗಳು ತಾರವ್ವನನ್ನು ಆಸ್ಪತ್ರೆಗೆ ತಂದಳು. ಹೊಳೆವ್ವನಿಗೆ ಗಂಡನಿಲ್ಲ, ಹೊಳೆದಂಡೆಯ ತುಂಡು ಹೊಲದಲ್ಲಿ ಸವತೆ, ಬದನೆ ಬೆಳೆದು ಚಿಕ್ಕೋಡಿಯ ಸಂತೆಗೆ ತಂದು ಮಾರುವವಳು. ತಾರವ್ವನಿಗೆ ಇಪ್ಪತ್ತು ವರ್ಷ, ನನಗಿಂತ ಎರಡು ವರ್ಷ ಚಿಕ್ಕವಳು. ಚಿಕ್ಕವರಿದ್ದಾಗ ಒಂದೇ ಹೊಳೆಯಲ್ಲಿ ಈಸು ಬಿದ್ದವರು ನಾವು. ಅವಳ ಗುಂಡಿಗೆ ಬಾಲ್ಯದಿಂದಲೂ ಅಶಕ್ತವಾಗಿತ್ತು. ಈಗ ಹದಿನೇಳು ದಿನದಿಂದ ಜ್ವರ. ಊರ ಡಾಕ್ಟರರ ಗುಳಿಗೆ ಒಂದಿಷ್ಟು ನುಂಗಿ ಬಿಟ್ಟಿದ್ದಳು. ನಮ್ಮ ಡಾಕ್ಟರ್ ರಾಜಾರಾಮರಿಗೆ ಎರಡು ಅನುಮಾನಗಳಿದ್ದವು: ಒಂದೋ ಟೈಫಾಯಿಡ್, ಇಲ್ಲವೇ ಆ ಅಶಕ್ತ ಗುಂಡಿಗೆಗೇ ಕ್ರಿಮಿ ಹತ್ತಿರಬೇಕು. ಎರಡಕ್ಕೂ ಔಷಧ ಬೇರೆ ಬೇರೆ. ತೀರ್ಮಾನವನ್ನು ಎರಡು ಬಾಟಲಿಗಳು ಹೇಳಬೇಕಿತ್ತು. ರಕ್ತ ತೆಗೆಯಲು ಮಾಸ್ತರರು ನನ್ನನ್ನು ಕಳಿಸಿದರು.

ಮುಂಜಾನೆ ಹತ್ತು ಗಂಟೆ. ಸೂಜಿ ನೋಡಿದೊಡನೆ ಹೊಳೆವ್ವ ನನ್ನ ಕೈ ಹಿಡಿದಳು. "ಮಲಕೀ, ಆಕಿ ಮೈಯಾಗ ರಗತ ಎಲ್ಲೈತಿ ಹೇಳವ್ವಾ? ಹಾಳಿ ಹಂಗ ಬೆಳ್ಳಗಾಗ್ಯಾಳ. ತಗೀಲೇಬೇಕಂದ್ರ ಒಮ್ಮೆ ತಗೀ. ಮತ್ತೊಮ್ಮೆ ಚುಚ್ಚಬ್ಯಾಡ, ನಿನ್ನ ಕಾಲಿಗೆ ಬೀಳತೀನಿ. ನಮ್ಮ ಊರ ಮಗಳು ನೀ, ನೀನ ಹಿಂಗ ಮಾಡಿದರ ಹೆಂಗ?" ಎಂದು ಅತ್ತಳು. ತಾರವ್ವ ನನ್ನನ್ನು ನೋಡಿ ಸ್ವಲ್ಪ ನಕ್ಕಳು.

ನಾನು ಕರಗಿದೆ. ಬಲಗೈಗೆ ಒಂದೇ ಸಲ ಚುಚ್ಚುವುದೆಂದುಕೊಂಡೆ. ನರ ಸಣ್ಣದು, ಸಿಗಲಿಲ್ಲ. ಅಯೋಡಿನ್ ಒಣಗಿದ ಜಾಗವನ್ನು ಬೆರಳಿನಿಂದ ಒತ್ತಿ ನೋಡಿ ಚುಚ್ಚಿದೆ. ಬೇಕಾದ ರಕ್ತವನ್ನೆಲ್ಲ ಒಂದೇ ಸಿರಿಂಜಿನಲ್ಲಿ ಎಳೆದು ಎರಡು ಬಾಟಲಿಗೂ ಹಂಚಿದೆ. ಒಂದರ ಚೀಟಿಯ ಮೇಲೆ 'ಬಲಗೈ, ೧೦ ಗಂಟೆ' ಎಂದು ಬರೆದು ಕೂಡಲೇ ಒಯ್ದುಕೊಟ್ಟೆ. ಇನ್ನೊಂದರ ಮೇಲೆ 'ಎಡಗೈ, ೧೧ ಗಂಟೆ' ಎಂದು ಬರೆದು ಒಂದು ತಾಸು ನನ್ನ ಏಪ್ರನ್ನಿನ ಕಿಸೆಯಲ್ಲಿ ಇಟ್ಟುಕೊಂಡು ಓಡಾಡಿದೆ. ಒಬ್ಬನೇ ಸಾಕ್ಷಿಗೆ ಎರಡು ಹೆಸರಿಟ್ಟು ಪಂಚರ ಮುಂದೆ ನಿಲ್ಲಿಸಿದೆ. ಆಗ ನನಗೆ ಅದು ಮೋಸವೆನಿಸಲಿಲ್ಲ, ದಯೆ ಎನಿಸಿತು. ಹೊಳೆವ್ವ ನನಗೆ ಎರಡು ಎಳೆ ಸವತೆಕಾಯಿ ಕೊಟ್ಟಳು, ತಿಂದೆ.

ಮೂರನೆಯ ದಿನ ಎರಡೂ ಬಾಟಲಿಗಳ ಸಾರು ಕದಡಿತು, ಒಳಗೆ ಕ್ರಿಮಿ ಬೆಳೆದಿತ್ತು. ಸೂಕ್ಷ್ಮದರ್ಶಕದಲ್ಲಿ ಎರಡರಲ್ಲಿಯೂ ಅದೇ, ದ್ರಾಕ್ಷಿ ಗೊಂಚಲಿನಂಥ ಕ್ರಿಮಿ. ಅದು ಎಲ್ಲರ ಚರ್ಮದ ಮೇಲೂ ಇರುವಂಥದು. ಒಂದೇ ಬಾಟಲಿಯಲ್ಲಿ ಕಂಡರೆ ಬೆರಳಿನ ಹೊಲಸೆಂದು ಬಿಟ್ಟುಬಿಡುತ್ತೇವೆ. ಎರಡು ಕೈಗಳಿಂದ ಬೇರೆ ಬೇರೆ ಹೊತ್ತಿಗೆ ತೆಗೆದ ರಕ್ತದಲ್ಲಿ ಕಂಡರೆ ಗುಂಡಿಗೆಗೆ ಅದೇ ಹತ್ತಿದೆಯೆಂದು ಅರ್ಥ. ಮಾಸ್ತರರು ಕಣ್ಣು ಮೇಲೆತ್ತಿ ನನ್ನನ್ನು ಒಂದೇ ಸಲ ಕೇಳಿದರು: "ಮಲಕವ್ವಾ, ಎರಡೂ ಕೈಗೆ ಚುಚ್ಚಿದಿಯಲ್ಲ?"

"ಹೌದ್ರಿ" ಅಂದೆ.

ಆ ಒಂದು ಮಾತನ್ನು ನುಂಗಿಕೊಂಡಿದ್ದರೆ, ಅಥವಾ ಅತ್ತುಬಿಟ್ಟಿದ್ದರೆ, ತಾರವ್ವನಿಗೆ ಇಂದು ಮೂವತ್ತು ವರ್ಷ. ಕಲಿಯುವ ಹುಡುಗಿ, ತಪ್ಪು ತಿಳಿದರೆ ಹೊರಗೆ ಹಾಕಿಯಾರೆಂಬ ಹೆದರಿಕೆ, ಅಷ್ಟೇ. ಮಾಸ್ತರರು ವರದಿಗೆ ಸಹಿ ಹಾಕಿದರು. ಡಾಕ್ಟರರು ಶುರುಮಾಡಿದ್ದ ಟೈಫಾಯಿಡ್ ಔಷಧ ನಿಲ್ಲಿಸಿ ಗುಂಡಿಗೆಯ ಔಷಧ ಹಿಡಿದರು. ಆದರೆ ಅವಳಿಗಿದ್ದದ್ದು ಟೈಫಾಯಿಡ್ಡೇ. ಊರ ಗುಳಿಗೆಯಿಂದ ಅರೆಜೀವವಾಗಿದ್ದ ಆ ಕ್ರಿಮಿ ನಮ್ಮ ಸಾರಿನಲ್ಲಿ ತಲೆ ಎತ್ತಿರಲಿಲ್ಲ. ಆರನೆಯ ದಿನ ತಾರವ್ವ ಹೊಟ್ಟೆ ಹಿಡಿದುಕೊಂಡು ಚೀರಿದಳು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು, ಕರುಳು ತೂತಾಗಿತ್ತು. ಮಿರಜಕ್ಕೆ ಒಯ್ಯಲು ಜೀಪು ತರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊಳೆವ್ವ ಮಗಳ ಕಾಲು ಹಿಡಿದುಕೊಂಡು, "ಏಳವ್ವಾ, ಸಂತಿಗೆ ಹೊತ್ತಾತು" ಎನ್ನುತ್ತಿದ್ದಳು. ಅಯ್ಯೋ, ಆ ದನಿ ಇಂದಿಗೂ ನನ್ನ ಕಿವಿಯಿಂದ ಹೋಗಿಲ್ಲ.

ಆಸ್ಪತ್ರೆಯ ಪಂಚ ಕಮಿಟಿ ಕೂಡಿತು. ಅಧ್ಯಕ್ಷರಾದ ಕಾಕಾಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: ಚರ್ಮದ ಕ್ರಿಮಿ ಎರಡೂ ಬಾಟಲಿಗೆ ಹೇಗೆ ಬಂತು? ರಕ್ತ ತೆಗೆದವರ ಕೈ ತಪ್ಪೋ, ಸಾರು ಕೆಟ್ಟಿತ್ತೋ? ಹೊಳೆವ್ವ ಬಾಗಿಲ ಹೊಸ್ತಿಲ ಬಳಿ ಕುಳಿತಿದ್ದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ತಾನಾಗಿ ಏಪ್ರನ್ನಿನ ಕಿಸೆಗೆ ಹೋಗುತ್ತಿತ್ತು. ಕಾಕಾಸಾಹೇಬರು ನನ್ನ ಕಡೆ ತಿರುಗುವಷ್ಟರಲ್ಲಿ ಮಾಸ್ತರರು ಎದ್ದು ನಿಂತರು.

"ಸಾರು ನಂದು, ಬಾಟಲಿ ನಂದು, ಸಹಿ ನಂದು. ಆ ಹುಡುಗೀನ ಏನೂ ಕೇಳಬ್ಯಾಡ್ರಿ" ಎಂದರು.

ಅದರಲ್ಲಿ ಒಂದೂ ಸುಳ್ಳಿಲ್ಲ. ಸಾರು ಕೆಟ್ಟಿತ್ತೆಂದು ಅವರು ಹೇಳಲೇ ಇಲ್ಲ. ಕೇಳಿದವರು ಹಾಗೆ ತಿಳಿದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾವು ನಗಲಿಕ್ಕೆ ಹೇಳುತ್ತೇವೆ. ಅಂದು ಆ ಬರೆ ಬೀಳುವುದನ್ನು ನಾನು ನಿಂತು ನೋಡಿದೆ, ಬಾಯಿ ಬಿಡಲಿಲ್ಲ.

ಊರಲ್ಲಿ ಸುದ್ದಿ ಹಬ್ಬಿತು. "ಬಸದಿಗೆ ಹೋಗೋ ಮನಿಷ್ಯಾ, ಮಾಂಸ ಮುಟ್ಟಾಕ ಹೇಸಿ ಅರ್ಧಾಮರ್ಧಾ ಕುದಿಸ್ಯಾನ" ಎಂದು ಚಹಾದ ಅಂಗಡಿಯಲ್ಲಿ ಆಡಿಕೊಂಡರು. ತಮ್ಮ ಧರ್ಮವನ್ನು ಬದಿಗಿಟ್ಟು ಎಂಟು ವರ್ಷ ಕುದಿಸಿದ ಸಾರಿಗೆ ಆ ಧರ್ಮದ ಹೆಸರಿನಿಂದಲೇ ಕಳಂಕ ಹಚ್ಚಿದರು. ಕಮಿಟಿಯವರು ಸಾರು ಕುದಿಸುವುದನ್ನು ನಿಲ್ಲಿಸಿ ಮಿರಜದಿಂದ ಸಿದ್ಧ ಬಾಟಲಿ ತರಿಸತೊಡಗಿದರು. ಪ್ರಯೋಗಶಾಲೆಯ ಮುಖ್ಯಸ್ಥರ ಹುದ್ದೆ ಹೊರಗಿನವರೊಬ್ಬರಿಗೆ ಹೋಯಿತು. ಮಾಸ್ತರರು ಮುಂದಿನ ಹತ್ತು ವರ್ಷ ಮೂತ್ರ ಪರೀಕ್ಷೆ, ಕಫ ಪರೀಕ್ಷೆ ಮಾಡುತ್ತ ಮೂಲೆಯ ಮೇಜಿಗೆ ಕುಳಿತರು. ಅದೇ ವರ್ಷ ನನ್ನ ನೌಕರಿ ಖಾಯಂ ಆಯಿತು. ಶಿಫಾರಸಿನ ಕಾಗದ ಬರೆದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಹೊಳೆವ್ವ ಸುಮ್ಮನಿರಲಿಲ್ಲ. ಸಂತೆಯ ದಿನ ಬುಟ್ಟಿ ಖಾಲಿಯಾದ ಮೇಲೆ ಆಸ್ಪತ್ರೆಯ ಗೇಟಿನ ಬಳಿ ಬಂದು ನಿಲ್ಲುತ್ತಿದ್ದಳು. "ಏ ಚೌಗುಲೆ, ಹೊರಗ ಬಾ! ನನ್ನ ಮಗಳ ನುಂಗಿದಿ, ನಿನ್ನ ಕೈ ಸೇದಿ ಹೋಗಲಿ! ನಿನ್ನ ಮನಿ ದೀಪ ಆರಲಿ!" ಎಂದು ಎದೆ ಬಡಿದುಕೊಂಡು ಶಪಿಸುತ್ತಿದ್ದಳು. ಗಂಗಾರಾಮ ಓಡಿಸಲು ಹೋದರೆ ಮಾಸ್ತರರು ತಡೆಯುತ್ತಿದ್ದರು. ಕೈಯಲ್ಲಿಯ ಕೆಲಸ ಬಿಟ್ಟು ಹೊರಗೆ ಬಂದು, ಕೈಮುಗಿದುಕೊಂಡು, ಅವಳು ಮುಗಿಸುವವರೆಗೆ ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಮುಗಿದ ಮೇಲೆ ಅವಳು ಆಸ್ಪತ್ರೆಯ ಕೊಡದಿಂದ ನೀರು ಕುಡಿದು ಬಸ್ಸಿಗೆ ಹೋಗುತ್ತಿದ್ದಳು. ನಾನು ಕಿಟಕಿಯ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಹೀಗೆ ಒಂಬತ್ತು ವರ್ಷ. ಬರಬರುತ್ತ ಬೈಗುಳ ಸಣ್ಣದಾಯಿತು. ಕೊನೆಯ ವರ್ಷ ಅವಳಲ್ಲಿ ದನಿಯೇ ಉಳಿದಿರಲಿಲ್ಲ. ಒಂದು ದಿನ ಗೇಟು ಹಿಡಿದು ಬಹಳ ಹೊತ್ತು ನಿಂತು, "ಏನೋ ಚೌಗುಲೆ, ಉಂಡೀಯಿಲ್ಲೋ?" ಎಂದಳು. "ಉಂಡೀನವ್ವಾ" ಎಂದರು ಮಾಸ್ತರರು. ಅಂದು ಅವರದು ಚತುರ್ದಶಿಯ ಉಪವಾಸ. ಅವರ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು.

ಈ ವರ್ಷ ಸಂಕ್ರಾಂತಿ ಕಳೆದ ವಾರ ಹೊಳೆವ್ವ ತೀರಿಕೊಂಡಳು. ಊರಿಗೆ ಹೋಗಿ ಮಣ್ಣು ಕೊಟ್ಟು ಬಂದೆ. ಆ ಮನೆಯಲ್ಲಿ ಇನ್ನು ಯಾರೂ ಇಲ್ಲ. ಮರುದಿನ ಭಾನುವಾರ ಮಾಸ್ತರರ ಮನೆಗೆ ಹೋಗಿ, ಅವರ ಕಾಲ ಬಳಿ ಕುಳಿತು, ಹತ್ತು ವರ್ಷದ ಗಂಟನ್ನು ಬಿಚ್ಚಿದೆ: ಒಂದೇ ಚುಚ್ಚು, ಒಂದೇ ಸಿರಿಂಜು, ಕಿಸೆಯಲ್ಲಿ ಬಚ್ಚಿಟ್ಟ ಬಾಟಲಿ. ಕಮಲಾಬಾಯಿಯವರು ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿದರು.

"ಗೊತ್ತೈತಿ" ಎಂದರು ಮಾಸ್ತರರು. "ಸತ್ತ ದಿನಾ ಚಾದರ ಸರಿಸಿ ನೋಡಿದೆ. ಎಡಗೈ ಮೊಣಕೈಯಾಗ ಸೂಜಿ ಗುರುತ ಇರಲಿಲ್ಲ."

"ಹಂಗಾರ ನನ್ನ ಉಳಿಸಾಕ ಇದನ್ನೆಲ್ಲಾ ಹೊತ್ತುಕೊಂಡ್ರೇನ್ರಿ ಮಾಸ್ತರ್ರ?" ಎಂದು ಅತ್ತೆ.

"ನಿನ್ನ ಸಲುವಾಗಿ ಅಲ್ಲವ್ವಾ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಹಿತವಾಗಲೆಂಬ ಆಸೆಯೂ ಇರಲಿಲ್ಲ. "ನಿನ್ನ ಹೆಸರ ಬಂದಿದ್ದರ ಪಂಚರು ಏನ ಕೇಳತಿದ್ದರು? ಎರಡನೇ ಸಲ ಯಾಕ ಚುಚ್ಚಲಿಲ್ಲ ಅಂತ. ನೀ ಏನ ಹೇಳತಿದ್ದಿ? ಅವರವ್ವ ಬ್ಯಾಡ ಅಂದಳು ಅಂತ. ಆಕಿ ಅಲ್ಲೇ ಬಾಗಿಲದಾಗ ಕುಂತಿದ್ದಳು. ತನ್ನ ಮಾತಿನಿಂದ ಮಗಳು ಹೋದಳು ಅಂತ ಆ ತಾಯಿಗೆ ತಿಳಿದಿದ್ದರ? ಮಂದಿನ್ನ ಬೈಕೋಂತ ಮನಿಷ್ಯಾ ಬದುಕತಾನ. ತನ್ನ ತಾ ಬೈಕೊಳ್ಳಾಕ ಹತ್ತಿದ್ದರ ಆಕಿ ಆ ಹೊಳೀ ದಂಡ್ಯಾಗ ಎಷ್ಟ ದಿನಾ ಇರತಿದ್ದಳು? ಆಕಿಗೆ ಬೈಯಾಕ ಒಬ್ಬರು ಬೇಕಾಗಿತ್ತು."

ಆಮೇಲೆ ಅವರೇ, "ನಿಂದಷ್ಟ ತಪ್ಪಲ್ಲ. ನಿನ್ನ ಮಾತ ಕೇಳಿ ನಾ ಕುರ್ಚಿ ಬಿಟ್ಟು ಏಳಲಿಲ್ಲ. ವಾರ್ಡು ಹತ್ತ ಹೆಜ್ಜಿ ಇತ್ತು. ಎದ್ದ ಹೋಗಿ ಆಕಿ ಎಡಗೈ ನೋಡಿದ್ದರ ಮುಗೀತಿತ್ತು" ಎಂದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಇದನ್ನು ಬರೆಯಲೇ ಎಂದು ಕೇಳಿದೆ. "ಆಕಿ ಹೋದಳು, ಇನ್ನ ಬರಿ. ನನ್ನ ಹತ್ತ ಹೆಜ್ಜಿನೂ ಬರಿ, ಬಿಡಬ್ಯಾಡ" ಎಂದರು. ಅವರ ಅಪ್ಪಣೆಯಂತೆ ಬರೆದಿದ್ದೇನೆ.

ಇಂದು ಆ ಪ್ರಯೋಗಶಾಲೆಯಲ್ಲಿ ಹೊಸಬರಿಗೆ ರಕ್ತ ತೆಗೆಯುವುದನ್ನು ನಾನೇ ಕಲಿಸುತ್ತೇನೆ. ಬಾಟಲಿ ನನ್ನ ಕೈಗೆ ಬಂದ ಮೇಲೆ ನಾನು ಎದ್ದು ವಾರ್ಡಿಗೆ ಹೋಗಿ ರೋಗಿಯ ಎರಡೂ ಕೈ ನೋಡಿ ಬರುತ್ತೇನೆ. ಹುಡುಗಿಯರು ಬೆನ್ನ ಹಿಂದೆ, "ಮಲಕವ್ವಬಾಯಿಗೆ ಯಾರ ಮ್ಯಾಲೂ ವಿಶ್ವಾಸ ಇಲ್ಲ" ಎಂದು ನಗುತ್ತಾರೆ. ನಗಲಿ.

ನನ್ನ ಗುರುಗಳಿಗೆ ಭಗವಂತ ನೂರು ವರ್ಷದ ಆಯುಷ್ಯ ಕೊಡಲಿ, ಕಮಲಾಬಾಯಿಯವರ ಕೈಯ ಐದೂವರೆಯ ರೊಟ್ಟಿ ಅವರಿಗೆ ತಪ್ಪದಿರಲಿ, ಮನೆಯಲ್ಲಿ ಸುಮ್ಮನೆ ಕೂಡ್ರದೆ ವಾರಕ್ಕೊಮ್ಮೆಯಾದರೂ ಬಂದು ನಮ್ಮ ಹೊಸಬರನ್ನು ಗದರಿಸಲಿ ಎಂದು ಬೇಡಿಕೊಳ್ಳುತ್ತೇನೆ. ಅವರ ಸಾರು ಒಂದು ದಿನವೂ ಕೆಟ್ಟಿರಲಿಲ್ಲ. ಚಿಕ್ಕೋಡಿಯ ಪೇಟೆಯಲ್ಲಿ ಅವರ ಬೆನ್ನ ಹಿಂದೆ ಮಾತನಾಡಿದವರು ಯಾರಾದರೂ ಈ ಪುಟ ಓದಿದ್ದರೆ, ತಾರವ್ವನ ಸಾವಿಗಾಗಿ ಇನ್ನೂ ಯಾರನ್ನಾದರೂ ಬೈಯಬೇಕೆನಿಸಿದರೆ, ಸಂತೆಯ ದಿನ ಆಸ್ಪತ್ರೆಯ ಗೇಟಿಗೆ ಬನ್ನಿ. ಹೊರಗೆ ಬಂದು ನಿಲ್ಲುತ್ತೇನೆ. ಹೆಸರು ಕೆಳಗಿದೆ.

ಮಲಕವ್ವ, ಜುಗೂಳ